ಹೊಗೆ ಹಿಡಿಯುವವರ ಮನೆ ನೋಡಿ ಬಂದದ್ದು

ಕೊಟ್ಟೂರು

ನಾರ್ವೆ ದೇಶಕ್ಕೆ ಹೋಗಿ ಬಂದೆ ಅಂದರೆ ಜನ ಮೊದಲು ಚಳಿಯ ಬಗ್ಗೆ ಕೇಳುತ್ತಾರೆ, ಆಮೇಲೆ ಸಮುದ್ರದ ಬಗ್ಗೆ. ನಾನು ಹೋದದ್ದು ಹೊಗೆ ನೋಡುವುದಕ್ಕೆ ಅಂದರೆ ನಗುತ್ತಾರೆ. ಹೊಗೆ ನೋಡಲು ಅಷ್ಟು ದೂರ ಯಾಕೆ, ನಿಮ್ಮ ಮಾಳಿಗೆ ಹತ್ತಿದರೆ ಸಾಲದೇ ಎನ್ನುತ್ತಾರೆ. ಅವರು ಹೇಳುವುದು ಸರಿಯೇ. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಯ ಕಡೆ ಹೋಗುವ ಒಳರಸ್ತೆಯಲ್ಲಿದೆ ನಮ್ಮೂರು. ಅಲ್ಲಿ ಯಾವ ಮಾಳಿಗೆ ಹತ್ತಿದರೂ ಸ್ಪಾಂಜ್ ಐರನ್ ಕಾರ್ಖಾನೆಯ ಚಿಮಣಿ ಕಾಣುತ್ತದೆ. ಅದಿರು, ಕಲ್ಲಿದ್ದಲು ಒಟ್ಟಿಗೆ ಕಾಯಿಸಿ ಕಬ್ಬಿಣ ತೆಗೆಯುವ ಜಾಗ ಅದು. ಗಾಳಿ ನಮ್ಮ ಕಡೆ ತಿರುಗಿದ ದಿನ ಮೆಕ್ಕೆಜೋಳದ ಗರಿಯ ಮೇಲೆ ಬೆರಳಿನಲ್ಲಿ ಹೆಸರು ಬರೆಯಬಹುದು.

ನಾನು ಊರಿನ ಹೈಸ್ಕೂಲಿನಲ್ಲಿ ನಿವೃತ್ತಿಯಾಗುವವರೆಗೂ ವಿಜ್ಞಾನ ಹೇಳಿಕೊಟ್ಟವಳು. ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ ಎಂದು ಎಷ್ಟು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೋ. ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಊದಿಸಿ, ಅದು ಹಾಲಿನಂತಾಗುವುದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಹೀಗಾಗಿ ಊರಿನವರಿಗೆ ಗಾಳಿ, ನೀರು, ಹೊಗೆಯ ವಿಷಯ ಬಂದರೆ ಟೀಚರ್ ಹೇಳಿದ್ದೇ ಮಾತು. ನನಗೂ ಆ ಗೌರವ ರೂಢಿಯಾಗಿಬಿಟ್ಟಿತ್ತು.

ಕಾರ್ಖಾನೆಯವರು ಎರಡನೇ ಕುಲುಮೆ ಹಾಕಲು ಹೊರಟರು. ಅದಕ್ಕೆ ಮೊದಲು ಸರ್ಕಾರದ ಅಧಿಕಾರಿಗಳು ಊರಿಗೆ ಬಂದು ಜನರ ಅಭಿಪ್ರಾಯ ಕೇಳಬೇಕು. ಅಹವಾಲು ಸಭೆ ಎನ್ನುತ್ತಾರೆ. ಊರು ಒಂದೇ ಬಾಯಲ್ಲಿ ಬೇಡ ಅಂದೀತು ಎಂಬ ಅಳುಕು ಕಂಪನಿಗಿತ್ತು. ಆಗ ಕಿರಣ್ ಎಂಬ ಅವರ ಅಧಿಕಾರಿ, ಬೆಂಗಳೂರಿನವರು, ಸದಾ ನಗುಮುಖದವರು, ಊರ ಕಟ್ಟೆಗೆ ಬಂದು ಕುಳಿತು ಹೊಸ ಮಾತು ತೆಗೆದರು. ಚಿಮಣಿಯಿಂದ ಹೋಗುವ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡುವ ಯಂತ್ರ ಪರದೇಶದಲ್ಲಿದೆಯಂತೆ. ಹೊಸ ಕುಲುಮೆಯ ಜೊತೆಗೆ ಅದನ್ನೂ ತರುತ್ತಾರಂತೆ. ನಂಬಿಕೆ ಬಾರದಿದ್ದರೆ ಊರಿನ ಇಬ್ಬರು ಹೋಗಿ ಕಣ್ಣಾರೆ ನೋಡಿ ಬರಲಿ ಎಂದರು.

ಹಿರಿಯರು ಕೂತು ಮಾತಾಡಿದರು. "ಒಬ್ರು ಓದಿದವ್ರು ಹೋಗ್ಲಿ, ಒಬ್ರು ಹೊಗಿ ಕುಡದವ್ರು ಹೋಗ್ಲಿ" ಎಂದು ತೀರ್ಮಾನವಾಯಿತು. ಓದಿದವಳು ನಾನು. ಹೊಗೆ ಕುಡಿದವನು ಕುರಿ ಕಾಯುವ ಮೈಲಪ್ಪ. ಕಾರ್ಖಾನೆಯ ಬೇಲಿಯ ಪಕ್ಕದ ಹುಲ್ಲೇ ಅವನ ಮಂದೆಗೆ ಆಸರೆ. ನನ್ನ ಓರಗೆಯವನು, ಮಿತ ಮಾತಿನವನು, ಹಟಕ್ಕೆ ಬಿದ್ದರೆ ಟಗರಿಗಿಂತ ಒಂದು ಕೈ ಮೇಲು.

"ಮನಿ ನೋಡಾಕ ಹೊಂಟೀರಿ ಅಂತ ತಿಳ್ಕೊಳ್ರಿ" ಎಂದು ಹಿರಿಯರು ನಮ್ಮಿಬ್ಬರಿಗೂ ಹೇಳಿ ಕಳಿಸಿದರು.

ಈ ಮಾತನ್ನು ಬಿಡಿಸಿ ಹೇಳಬೇಕು. ನಮ್ಮೂರಲ್ಲಿ ಹೆಣ್ಣು ಕೊಡುವ ಮೊದಲು ಇಬ್ಬರು ಹಿರಿಯರು ಗಂಡಿನ ಮನೆ ನೋಡಲು ಹೋಗುತ್ತಾರೆ. ಪಡಸಾಲೆಯಲ್ಲಿ ಕೂರುವ ಮೊದಲು ಹಿತ್ತಲು ನೋಡುತ್ತಾರೆ, ದನದ ಕೊಟ್ಟಿಗೆ ನೋಡುತ್ತಾರೆ. ಆ ಮನೆಯ ನೀರು ಕುಡಿಯಬಹುದು. ತಟ್ಟೆಗೆ ಮಾತ್ರ ಕೈ ಹಾಕುವಂತಿಲ್ಲ. ಬಾಯಿ ಸಿಹಿ ಮಾಡಿಕೊಂಡರೆ ಒಪ್ಪಿದಂತೆ. ಉಂಡು ಬಂದು ಆಮೇಲೆ ಒಲ್ಲೆ ಅಂದವರ ಮಾತನ್ನು ಈ ಊರಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾನು ಇದನ್ನೆಲ್ಲ ಹಳೆಯ ಕಾಲದ ಸೊಗಸಾದ ಪದ್ಧತಿ ಎಂದು ಮೆಚ್ಚಿಕೊಳ್ಳುತ್ತಿದ್ದವಳು. ಮೈಲಪ್ಪ ಅದನ್ನು ಮೆಚ್ಚಿಕೊಂಡವನಲ್ಲ, ಪಾಲಿಸುವವನು.

ವಿಮಾನ ನಿಲ್ದಾಣ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಿರಣ್ ನಮ್ಮಿಬ್ಬರಿಗೂ ಒಂದೊಂದು ದಪ್ಪ ಜಾಕೆಟ್ ಕೊಟ್ಟರು. ಎದೆಯ ಮೇಲೆ ಕಂಪನಿಯ ಹೆಸರು ಹೊಲಿದಿತ್ತು. ನಾನು ತೊಟ್ಟುಕೊಂಡೆ. ಅಳತೆ ಸರಿಯಾಗಿತ್ತು, ಬೆಚ್ಚಗೂ ಇತ್ತು. ಮೈಲಪ್ಪ ಅದನ್ನು ಎರಡು ಕೈಯಲ್ಲಿ ಹಿಡಿದು, ನೋಡಿ, ಮಡಚಿ ವಾಪಸ್ ಕೊಟ್ಟ.

"ಈಗ್ಲೇ ಆಯೇರಿ ಬ್ಯಾಡ್ರಿ ಸಾಹೇಬ್ರ. ಮಾತುಕತಿ ಮುಗೀಲಿ, ಆಮ್ಯಾಗ ಉಡಾಣ."

"ಇದು ಗಿಫ್ಟ್ ಅಲ್ಲ ಮೈಲಪ್ಪೋರೆ, ಅಲ್ಲಿ ಚಳಿ ಇರುತ್ತೆ ಅಂತ."

"ಚಳಿಗೆ ನನ್ನ ಕಂಬಳಿ ಐತಿ."

ಕಂಬಳಿ ಇತ್ತು. ಅದರ ಜೊತೆಗೆ ಒಂದು ಗಂಟೂ ಇತ್ತು. ತಪಾಸಣೆಯವರು ಗಂಟು ಬಿಚ್ಚಿಸಿದರು. ಗರಿಗರಿಯಾದ ಕಟಕ ರೊಟ್ಟಿಗಳ ಒಂದು ದಪ್ಪ ಕಟ್ಟು, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ದೊಡ್ಡ ಚೀಲ ಮಂಡಕ್ಕಿ. ಕೆಂಪು ಪುಡಿಯನ್ನು ಮೂಸಿದ ಹುಡುಗಿ ಮೂರು ಸಲ ಸೀನಿದಳು. ಮಂಡಕ್ಕಿ ಚೀಲವನ್ನು ಯಂತ್ರದೊಳಗೆ ಎರಡು ಸಲ ಓಡಿಸಿದರು, ಇಷ್ಟು ದೊಡ್ಡ ಚೀಲಕ್ಕೆ ತೂಕವೇ ಇಲ್ಲವಲ್ಲ ಎಂದು ಅನುಮಾನ. ಮೈಲಪ್ಪ ಒಂದು ಹಿಡಿ ತೆಗೆದು ಅವರ ಮುಂದೆ ಹಿಡಿದ. ಯಾರೂ ತೆಗೆದುಕೊಳ್ಳಲಿಲ್ಲ.

ಇಷ್ಟೆಲ್ಲ ಯಾಕೆ ಹೊತ್ತು ತಂದಿದ್ದಾರೆ ಎಂದು ಕಿರಣ್ ನನ್ನನ್ನು ಕೇಳಿದರು. ವಿಮಾನದಲ್ಲಿ ಪಕ್ಕದಲ್ಲೇ ಕೂತಿದ್ದರು, ದಾರಿ ದೂರವಿತ್ತು, ನಾನು ಮಾತಿನ ಮಲ್ಲಿ. ಮನೆ ನೋಡುವ ಪದ್ಧತಿಯನ್ನು, ಊಟದ ಕಟ್ಟುಪಾಡನ್ನು, ಬಾಯಿ ಸಿಹಿ ಮಾಡಿಕೊಂಡರೆ ಏನರ್ಥ ಎಂಬುದನ್ನು ಒಂದೂ ಬಿಡದೆ ಬಣ್ಣ ಕಟ್ಟಿ ಹೇಳಿದೆ. ಅವರು ನಕ್ಕರು, ನಾನೂ ನಕ್ಕೆ. "ತುಂಬ ಇಂಟರೆಸ್ಟಿಂಗ್ ಮೇಡಂ" ಎಂದರು. ಹಿಂದಿನ ಸಾಲಿನಲ್ಲಿ ಮೈಲಪ್ಪ ಕಂಬಳಿ ಹೊದ್ದು ನಿದ್ದೆ ಹೋಗಿದ್ದ.

ಸಮುದ್ರದ ಮಗ್ಗುಲ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಅವರು ನಮಗೇನೂ ಕೆಟ್ಟದ್ದು ಮಾಡಿಲ್ಲ. ಗುಡ್ಡಗಳ ನಡುವೆ ಸಮುದ್ರ ಕಾಲುವೆಯಂತೆ ಒಳಗೆ ನುಗ್ಗಿ ಬಂದಿದೆ. ಅದರ ದಂಡೆಯ ಮೇಲೆ ಮರದ ಮನೆಗಳು, ಒಂದು ಚರ್ಚು, ಒಂದು ಸಿಮೆಂಟ್ ಕಾರ್ಖಾನೆ. ಮಳೆ ಬರುತ್ತಿತ್ತು ಎನ್ನುವುದಕ್ಕಿಂತ ನಿಂತಿರಲಿಲ್ಲ ಅನ್ನಬೇಕು. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ಆಕಾಶ ನೋಡುತ್ತಾರೆ. ಅಲ್ಲಿ ಯಾರೂ ತಲೆ ಎತ್ತುವುದಿಲ್ಲ.

ಬಸ್ಸಿಗೆ ಕಾಯುವವರನ್ನು ನೋಡಿ ಮೈಲಪ್ಪ ನನ್ನನ್ನು ಕೇಳಿದ, "ಇವ್ರೆಲ್ಲ ಪಾಲಾಗಿ ಜಗಳ ಮಾಡ್ಕೊಂಡಾರೇನ್ರಿ ಟೀಚರ್?" ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಂತಿದ್ದರು, ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಬಸ್ಸು ಬಂತು. ಯಾರೂ ನುಗ್ಗಲಿಲ್ಲ. ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು ಬೆಳೆದ ನಾನು ಅಭ್ಯಾಸಬಲದಿಂದ ಮುಂದೆ ನುಗ್ಗಿ, ಖಾಲಿ ಬಸ್ಸಿನೊಳಗೆ ಒಬ್ಬಳೇ ನಿಂತು ನಾಚಿಕೊಂಡೆ. ಡ್ರೈವರ್ ನನ್ನನ್ನು ಕನಿಕರದಿಂದ ನೋಡಿದ. ಆ ನೋಟ ನನಗೆ ಚುಚ್ಚಿತು. ಇಲ್ಲಿಂದ ಮುಂದೆ ಇವರ ಎದುರು ಹಳ್ಳಿಯವಳಂತೆ ಕಾಣಿಸಿಕೊಳ್ಳಬಾರದು ಎಂದು ಅವತ್ತೇ ನಿಶ್ಚಯಿಸಿಕೊಂಡೆ. ಈ ನಿಶ್ಚಯ ನನ್ನ ಕೈಯಲ್ಲಿ ಏನು ಮಾಡಿಸಿತು ಎನ್ನುವುದೇ ಈ ಬರಹ.

ನಾವು ಇಳಿದಿದ್ದ ಹೋಟೆಲಿನಲ್ಲಿ ಮೈಲಪ್ಪ ಬ್ರೆಡ್ಡು, ಹಾಲು, ಬೇಯಿಸಿದ ಆಲೂಗಡ್ಡೆ ಎಲ್ಲವನ್ನೂ ಸಂಕೋಚವಿಲ್ಲದೆ ತಿಂದ. ಅದು ಹೇಗೆ ನಡೆಯುತ್ತದೆ ಎಂದು ನಾನು ಛೇಡಿಸಿದೆ.

"ಇದು ಛತ್ರ ಅಲ್ಲೇನ್ರಿ. ದಾರ್ಯಾಗ ಉಂಡ್ರ ತಪ್ಪಿಲ್ಲ. ಮನಿಯಾಗ ಉಣ್ಣಬಾರ್ದು."

ವಕೀಲನಾಗಬೇಕಿತ್ತು ಇವನು ಎಂದುಕೊಂಡೆ.

ಗೋಪುರ

ಮರುದಿನ ಕಾರ್ಖಾನೆಯಲ್ಲಿ ನಮ್ಮನ್ನು ಸುತ್ತಾಡಿಸಿದವಳು ಇಂಗ್ರಿಡ್ ಎಂಬ ಎಂಜಿನಿಯರ್. ಮೂವತ್ತೈದರ ಹೆಣ್ಣುಮಗಳು, ಒರಟು ಕೈ, ನಿಧಾನದ ಇಂಗ್ಲಿಷು. ಆಕೆ ಒಂದು ಮಾತನ್ನೂ ಹೆಚ್ಚು ಮಾಡಿ ಹೇಳುವವಳಲ್ಲ.

ಚಿಮಣಿಗೆ ಹೋಗಬೇಕಾದ ಬಿಸಿಗಾಳಿಯನ್ನು ಅಡ್ಡ ತಿರುಗಿಸಿ, ತಣಿಸಿ, ಎತ್ತರದ ಗೋಪುರವೊಂದರ ಬುಡಕ್ಕೆ ಬಿಡುತ್ತಾರೆ. ಮೇಲಿನಿಂದ ಅಮೈನ್ ಎಂಬ ದ್ರವ ಜಿನುಗುತ್ತ ಇಳಿಯುತ್ತದೆ. ಗಾಳಿ ಹತ್ತುವಾಗ, ದ್ರವ ಇಳಿಯುವಾಗ, ಇಂಗಾಲದ ಡೈಆಕ್ಸೈಡು ದ್ರವಕ್ಕೆ ಅಂಟಿಕೊಳ್ಳುತ್ತದೆ. ಆ ದ್ರವವನ್ನು ಇನ್ನೊಂದು ಗೋಪುರದಲ್ಲಿ ಕಾಯಿಸಿದರೆ ಹಿಡಿದದ್ದನ್ನು ಬಿಟ್ಟುಕೊಡುತ್ತದೆ. ಬಿಟ್ಟದ್ದನ್ನು ಒತ್ತಿ, ತಣಿಸಿ, ದ್ರವ ಮಾಡಿ ತೊಟ್ಟಿಗಳಲ್ಲಿ ತುಂಬಿ, ಹಡಗಿನಲ್ಲಿ ಒಯ್ದು ಸಮುದ್ರದ ತಳದ ಬಂಡೆಯ ಕೆಳಗೆ ಇಳಿಸುತ್ತಾರೆ. ನನಗೆ ರೋಮಾಂಚನವಾಯಿತು, ಸುಳ್ಳು ಹೇಳುವುದಿಲ್ಲ. ಜೀವಮಾನವಿಡೀ ಗಾಜಿನ ಲೋಟದ ಸುಣ್ಣದ ನೀರಿನಲ್ಲಿ ತೋರಿಸಿದ್ದನ್ನು ಇವರು ಗುಡಿಯ ಗೋಪುರಕ್ಕಿಂತ ಎತ್ತರಕ್ಕೆ ಕಟ್ಟಿ ನಿಲ್ಲಿಸಿದ್ದರು.

ಮೈಲಪ್ಪನಿಗೆ ನಾನು ಕನ್ನಡದಲ್ಲಿ ಹೇಳುತ್ತ ಹೋದೆ. ಅವನು ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದ.

"ನಮ್ಮ ಮಕ್ಕಿಜೋಳದ ಮ್ಯಾಲೆ ಕುಂದ್ರೋ ಕರಿ ಧೂಳು ಇದ್ರಾಗ ಎಲ್ಲಿ ಬಿತ್ರಿ?"

ನಾನು ಇಂಗ್ರಿಡ್‌ಳನ್ನು ಕೇಳಿದೆ. ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾವ ಧೂಳು ಎಂದಳು. ಎರಡು ಸಲ ವಿವರಿಸಿದ ಮೇಲೆ ಆಕೆಯ ಹುಬ್ಬು ಮೇಲೇರಿತು. ಈ ಗೋಪುರಕ್ಕೂ ಧೂಳಿಗೂ ಸಂಬಂಧವಿಲ್ಲ ಎಂದಳು. ಧೂಳನ್ನೂ ಗಂಧಕವನ್ನೂ ಮೊದಲೇ ಪೂರ್ತಿ ತೆಗೆದ ಗಾಳಿ ಮಾತ್ರ ಇಲ್ಲಿಗೆ ಬರಬೇಕು. ಧೂಳು ಬೆರೆತದ್ದನ್ನು ಕಳಿಸಿದರೆ ದ್ರವ ಕೆಡುತ್ತದೆ, ಗೋಪುರ ಕಟ್ಟಿಕೊಳ್ಳುತ್ತದೆ. ಅವರ ಕಾರ್ಖಾನೆಯ ಧೂಳನ್ನು ಆಕೆಯ ಅಜ್ಜಿಯ ಕಾಲದಲ್ಲೇ ನಿಲ್ಲಿಸಿದ್ದರು. ಆಗ ಒಣಹಾಕಿದ ಬಟ್ಟೆಯ ಮೇಲೆಲ್ಲ ಬೂದಿ ಕೂರುತ್ತಿತ್ತಂತೆ. ಊರಿನ ಹೆಂಗಸರು ಆ ಬಟ್ಟೆಗಳನ್ನೇ ಹೊತ್ತುಕೊಂಡು ಹೋಗಿ ಮ್ಯಾನೇಜರನ ಮೇಜಿನ ಮೇಲೆ ಸುರಿದು ಬಂದಿದ್ದರಂತೆ.

"ನಿಮ್ಮಲ್ಲಿ ಧೂಳು ಹಿಡಿಯುವ ಯಂತ್ರ ಇಲ್ಲವೇ?" ಎಂದು ಆಕೆ ಕಿರಣ್ ಅವರನ್ನು ನೇರವಾಗಿ ಕೇಳಿದಳು.

ಇದೆ ಎಂದರು ಕಿರಣ್. ಇರುವುದು ನಿಜ. ಅದನ್ನು ಓಡಿಸಲು ಬಹಳ ಕರೆಂಟು ಬೇಕು. ತಪಾಸಣೆಯವರು ಬರುವ ದಿನ ಅದು ಓಡುತ್ತದೆ. ನಮ್ಮೂರಲ್ಲಿ ಚಿಮಣಿಯ ಹೊಗೆ ಬೆಳ್ಳಗಾದರೆ ಸಾಕು, ಅಧಿಕಾರಿಗಳು ಬಂದಾರ ಎಂದು ಮಕ್ಕಳೂ ಹೇಳುತ್ತವೆ.

"ಹಿಡಿದ ಗ್ಯಾಸು ಇಡಾಕ ನಮ್ಮೂರಾಗ ಸಮುದ್ರ ಎಲ್ಲೈತ್ರಿ ಸಾಹೇಬ್ರ?" ಎಂದು ಮೈಲಪ್ಪ ಕೇಳಿದ.

"ಅದನ್ನ ಮೂರನೇ ಹಂತದಲ್ಲಿ ನೋಡ್ತೀವಿ" ಎಂದು ಕಿರಣ್ ನಕ್ಕರು. ಎಂಥ ಪ್ರಶ್ನೆಗೂ ಅವರ ಬಳಿ ಒಂದು ಹಂತ ತಯಾರಿರುತ್ತಿತ್ತು.

ಹಿತ್ತಲು

"ಪಡಸಾಲಿ ನೋಡಿದ್ವಿ, ಇನ್ನ ಹಿತ್ತಲ ನೋಡಾಣ ಬರ್ರಿ" ಎಂದ ಮೈಲಪ್ಪ. ಕಾರ್ಯಕ್ರಮದ ಪಟ್ಟಿಯಲ್ಲಿ ಹಿತ್ತಲು ಇರಲಿಲ್ಲ. ಆದರೂ ಅವನು ನಡೆದೇಬಿಟ್ಟ. ಇಂಗ್ರಿಡ್ ಮತ್ತು ನಾನು ಅವನ ಹಿಂದೆ ಹೋದೆವು.

ಕಾರ್ಖಾನೆಯ ಹಿಂದಿನ ಏರಿನಲ್ಲಿ, ಗಾಳಿ ಬೀಸುವ ದಿಕ್ಕಿನಲ್ಲೇ, ಕುರಿಗಳು ಮೇಯುತ್ತಿದ್ದವು. ಬೆಟ್ಟದಿಂದ ಆಗಷ್ಟೇ ಇಳಿಸಿ ತಂದಿದ್ದರಂತೆ. ಕೊರಳಲ್ಲಿ ಗಂಟೆ, ಕಿವಿಯಲ್ಲಿ ಬಿಲ್ಲೆ, ಮೈತುಂಬ ಬಿಳಿ ಉಣ್ಣೆ. ಅವುಗಳ ಒಡತಿ ನನ್ನದೇ ವಯಸ್ಸಿನ ಹೆಂಗಸು, ರಬ್ಬರ್ ಬೂಟು ಹಾಕಿಕೊಂಡು ಬಕೆಟ್ ಹಿಡಿದು ನಿಂತಿದ್ದಳು.

ಮೈಲಪ್ಪ ನಾಲಿಗೆ ಮಡಚಿ ಊರಿನ ಕೂಗು ಹಾಕಿದ. ಒಂದು ಕುರಿಯೂ ಕಿವಿ ಎತ್ತಲಿಲ್ಲ. "ಭಾಷಿ ಬ್ಯಾರೆ" ಎಂದು ತಾನೇ ಸಮಾಧಾನ ಹೇಳಿಕೊಂಡು ತಂತಿ ದಾಟಿದ. ಒಡತಿ ತಡೆಯಲಿಲ್ಲ. ಅವನು ಒಂದು ಕುರಿಯ ಪಕ್ಕ ಮೊಣಕಾಲೂರಿ, ಬೆನ್ನಿನ ಉಣ್ಣೆಯನ್ನು ಎರಡೂ ಹೆಬ್ಬೆರಳಿನಿಂದ ಬೈತಲೆ ತೆಗೆದಂತೆ ಬಿಡಿಸಿದ. ಕುರಿ ಕೊಳ್ಳುವವರು ಹೀಗೇ ನೋಡುವುದು. ಮೇಲಿನ ಉಣ್ಣೆ ಮಳೆಗೆ ತೊಳೆದು ಹೋಗುತ್ತದೆ, ಬುಡದ್ದು ಸುಳ್ಳು ಹೇಳುವುದಿಲ್ಲ. ಬುಡದವರೆಗೂ ಉಣ್ಣೆ ಕೆನೆಯ ಬಣ್ಣಕ್ಕಿತ್ತು, ಅದರ ಕೆಳಗೆ ತಿಳಿಗುಲಾಬಿ ಚರ್ಮ. ಅವನು ಇನ್ನೊಂದನ್ನು ನೋಡಿದ, ಮತ್ತೊಂದನ್ನು ನೋಡಿದ. ಆಮೇಲೆ ಎದ್ದು ನಿಂತ.

ಆ ಹೆಂಗಸು ಬಂದು ಅವನ ಕಂಬಳಿಯ ಅಂಚನ್ನು ಹಿಡಿದು ನೋಡಿದಳು. ನೇಯ್ಗೆ ಅವಳಿಗೆ ಹಿಡಿಸಿದಂತಿತ್ತು. ಬೆರಳುಗಳ ನಡುವೆ ತಿಕ್ಕಿ, ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ತನ್ನ ಬೆರಳು ನೋಡಿಕೊಂಡಳು. ತುದಿಗಳು ಕರ್ರಗಾಗಿದ್ದವು. ಅವಳು ಇಂಗ್ರಿಡ್‌ಳನ್ನು ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ಇಂಗ್ರಿಡ್ ನನಗೆ ಅದನ್ನು ಅನುವಾದಿಸಲಿಲ್ಲ. ನನಗೆ ಬೇಕೂ ಇರಲಿಲ್ಲ.

ಮೈಲಪ್ಪ ಅಲ್ಲೇ ಗಂಟು ಬಿಚ್ಚಿದ. ಆ ಹೆಂಗಸಿಗೆ ಒಂದು ರೊಟ್ಟಿ, ನನಗೆ ಎರಡು, ಮೇಲೆ ಚಟ್ನಿಪುಡಿ. ಅವಳು ಕಟಕಟ ಕಡಿದು, ಖಾರಕ್ಕೆ ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿ ಇಸಿದುಕೊಂಡಳು. ನಾನು ನನ್ನೆರಡನ್ನೂ ಚೂರು ಬಿಡದೆ ತಿಂದೆ. ಆ ದೇಶದಲ್ಲಿ ನಾನು ಹೊಟ್ಟೆತುಂಬ ತಿಂದ ಊಟ ಅದೊಂದೇ.

"ಮನಿ ಚೊಲೋ ಐತಿ ಟೀಚರ್" ಎಂದ ಮೈಲಪ್ಪ. "ಆದ್ರ ಈ ಮನಿ ನಮ್ಮ ಕಾರ್ಖಾನ್ಯವ್ರದಲ್ಲ. ಬ್ಯಾರೆಯವ್ರ ಮನಿ ತೋರ್ಸಿ ಹೆಣ್ಣು ಕೇಳಾಕತ್ಯಾರ."

ನನ್ನ ಓದೆಲ್ಲ ಸೇರಿದರೂ ಅಷ್ಟು ಸರಿಯಾಗಿ ನನಗೆ ಹೇಳಲು ಆಗುತ್ತಿರಲಿಲ್ಲ.

ಗಾಜಿನ ಊಟದ ಮನೆ

ಅಷ್ಟರಲ್ಲಿ ಕಿರಣ್ ಊಟಕ್ಕೆ ಕರೆದರು. ಕಾರ್ಖಾನೆಯ ಊಟದ ಮನೆಯ ಒಂದು ಗೋಡೆ ಪೂರ್ತಿ ಗಾಜಿನದು. ಉದ್ದನೆಯ ಮೇಜಿನ ಮೇಲೆ ಎರಡೂ ದೇಶದ ಪುಟ್ಟ ಬಾವುಟಗಳು, ನಡುವೆ ಒಂದು ಕೇಕು. ಕೇಕಿನ ಮೇಲೆ ನಮ್ಮ ಕಂಪನಿಯ ಗುರುತು. ಇವತ್ತಿನ ಊಟ ನಮ್ಮ ಕಂಪನಿಯ ಕಡೆಯಿಂದ ಎಂದು ಕಿರಣ್ ಸಾರಿದರು.

ಮೈಲಪ್ಪ ಬಾಗಿಲಲ್ಲೇ ನಿಂತು ಒಂದು ಲೋಟ ನೀರು ಕೇಳಿ ಕುಡಿದ. ಆಮೇಲೆ ಹೊರಗೆ ಹೋಗಿ, ಗಾಜಿನ ಗೋಡೆಯ ಎದುರಿಗೇ ಇದ್ದ ಬಂಡೆಯ ಮೇಲೆ ಕೂತ. ಜಿಟಿಜಿಟಿ ಮಳೆ. ತಲೆಯ ಮೇಲೆ ಕಂಬಳಿಯ ಕೊಪ್ಪೆ. ಮಡಿಲಲ್ಲಿ ಮಂಡಕ್ಕಿ.

ಒಳಗಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಅವರ ಮ್ಯಾನೇಜರ್ ತಟ್ಟೆ ಕೆಳಗಿಟ್ಟು ನನ್ನ ಕಡೆ ಬಾಗಿದ. ನಿಮ್ಮ ಜೊತೆಗಾರರಿಗೆ ನಮ್ಮಿಂದ ಬೇಜಾರಾಯಿತೇ, ನಾವು ಏನಾದರೂ ತಪ್ಪು ಮಾಡಿದೆವೇ ಎಂದು ಕೇಳಿದ. ನಿಜವಾದ ಕಾಳಜಿಯಿಂದಲೇ ಕೇಳಿದ್ದು.

ಉತ್ತರ ನನ್ನ ಬಾಯಲ್ಲೇ ಇತ್ತು. ನಾವು ಮನೆ ನೋಡಲು ಬಂದವರು, ಇನ್ನೂ ಒಪ್ಪಿಲ್ಲ, ಒಪ್ಪದೆ ಉಣ್ಣುವುದಿಲ್ಲ ಎಂದು ಹೇಳಿದ್ದರೆ ಅವನಿಗೆ ಅರ್ಥವಾಗುತ್ತಿತ್ತು. ಬಟ್ಟೆ ಸುರಿದ ಹೆಂಗಸರ ಊರಿನವನು. ಆದರೆ ನನಗೆ ಬಸ್ಸಿನ ಡ್ರೈವರನ ನೋಟ ನೆನಪಾಯಿತು. ಮಳೆಯಲ್ಲಿ ಕೂತ ಆ ಕಂಬಳಿಯನ್ನು ನೋಡಿದೆ. ನಾನೂ ಅಂಥವಳೇ ಎಂದು ಇವರು ತಿಳಿದಾರು ಅನ್ನಿಸಿತು.

"ಪಾಪ, ಹಳ್ಳಿಯ ಮುಗ್ಧ ಮನುಷ್ಯ. ಮೂಢನಂಬಿಕೆಗಳು ಜಾಸ್ತಿ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಹೇಳಿ ನಕ್ಕೆ, ಮೇಜಿನವರೂ ನಕ್ಕರು.

ಮಾತಿಗೆ ಪುರಾವೆ ಬೇಕಲ್ಲ. ಕೇಕಿನ ತಟ್ಟೆಯನ್ನು ಹತ್ತಿರ ಎಳೆದುಕೊಂಡೆ. ಅದರಲ್ಲಿ ಮೊಟ್ಟೆ ಇರುತ್ತದೆ ಎಂದು ನನಗೆ ಗೊತ್ತಿತ್ತು, ನಾನು ಮನೆಯಲ್ಲಿ ಮೊಟ್ಟೆ ಮುಟ್ಟಿದವಳಲ್ಲ. ಚಮಚ ತುಂಬ ತೆಗೆದು ಬಾಯಿಗಿಟ್ಟುಕೊಂಡೆ. ಇಂಗ್ರಿಡ್ ಒಬ್ಬಳೇ ನಗಲಿಲ್ಲ. ಕಿರಣ್ ಫೋನ್ ಎತ್ತಿ, "ಮೇಡಂ, ಈ ಕಡೆ" ಎಂದರು. ನಾನು ಆ ಕಡೆ ನೋಡಿದೆ.

ವಾಪಸ್

ವಿಮಾನದಲ್ಲಿ ಈ ಸಲ ಮೈಲಪ್ಪ ನನ್ನ ಪಕ್ಕದಲ್ಲಿದ್ದ. ಕಂಬಳಿ ಸರಿಪಡಿಸಿಕೊಂಡು ಕೇಳಿದ.

"ಆ ಮಂದಿಗೆ ನನ್ನ ಬಗ್ಗಿ ಏನಂದ್ರಿ ಟೀಚರ್? ಎಲ್ರೂ ನನ್ನ ಕಡಿ ನೋಡಿ ನಕ್ರು."

"ಹೊಟ್ಟಿ ಸರಿ ಇಲ್ಲ ಅಂದೆ ಮೈಲಪ್ಪಣ್ಣ."

"ಹಂಗ ಅನಬಾರ್ದಿತ್ರಿ. ನನ್ನ ಹೊಟ್ಟಿ ಚೊಲೋನ ಐತಿ."

ಇಷ್ಟೇ ಮಾತು. ನಾನು ಕೇಕು ತಿಂದದ್ದನ್ನು ಅವನು ಗಾಜಿನಾಚೆಯಿಂದ ನೋಡಿದ್ದನೋ ಇಲ್ಲವೋ ಅವತ್ತು ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವಿರಲಿಲ್ಲ.

ಊರು ಮುಟ್ಟಿದ ಮೇಲೆ ಕಟ್ಟೆಯ ಮೇಲೆ ಕೂತು ಇಬ್ಬರೂ ನೋಡಿದ್ದನ್ನು ಹೇಳಿದೆವು. ನಾನು ಗೋಪುರದ ವಿಷಯ ಹೇಳಿದೆ. ಧೂಳು ಮೊದಲು ನಿಲ್ಲಬೇಕು, ಹಿಡಿಯುವುದು ಆಮೇಲಿನ ಮಾತು, ಇವರು ಮೊದಲನೆಯದನ್ನು ಮಾಡದೆ ಕೊನೆಯದನ್ನು ತೋರಿಸುತ್ತಿದ್ದಾರೆ ಎಂದೆ. ಮೈಲಪ್ಪ ಕುರಿಯ ಉಣ್ಣೆಯ ವಿಷಯ ಹೇಳಿದ, ಬೇರೆಯವರ ಮನೆ ತೋರಿಸಿ ಹೆಣ್ಣು ಕೇಳುವ ಮಾತನ್ನೂ ಹೇಳಿದ. ಆ ಮಾತು ಮನೆಮನೆಗೆ ಹೋಯಿತು. ಕುಲುಮೆ ಬೇಡ ಎನ್ನುವುದು ಆಗಲೇ ಗಟ್ಟಿಯಾಗಿತ್ತು. ಕೇಕಿನ ಸುದ್ದಿಯನ್ನು ನಾನು ಎತ್ತಲಿಲ್ಲ. ಎತ್ತುವಂಥದ್ದೇನಿದೆ, ಒಂದು ಚಮಚ ಎಂದು ನನಗೆ ನಾನೇ ಹೇಳಿಕೊಂಡೆ.

ಶಾಲೆಯ ಅಂಗಳ

ಅಹವಾಲು ಸಭೆ ನಡೆದದ್ದು ನಾನು ಪಾಠ ಹೇಳಿದ ಶಾಲೆಯ ಅಂಗಳದಲ್ಲೇ. ಶಾಮಿಯಾನ, ಕುರ್ಚಿ, ಮೈಕು, ಬೆಳ್ಳನೆಯ ಪರದೆ. ಕಂಪನಿಯವರು ಮೊದಲು ಒಂದು ಚಿತ್ರ ತೋರಿಸಿದರು. ಸಮುದ್ರ ಬಂತು, ಗೋಪುರ ಬಂತು, ಬಿಳಿ ಕುರಿಗಳೂ ಬಂದವು. ಕೊನೆಗೆ ನಾನು ಬಂದೆ. ಕಂಪನಿಯ ಜಾಕೆಟ್ ತೊಟ್ಟು, ಕಂಪನಿಯ ಗುರುತಿನ ಕೇಕನ್ನು ಬಾಯಿಗಿಟ್ಟುಕೊಂಡು, ಹಲ್ಲು ಕಿರಿಯುತ್ತ, ಪರದೆಯ ತುಂಬ.

ಅಲ್ಲಿಗೇ ಚಿತ್ರ ನಿಲ್ಲಿಸಿದರು. ಮುಂದಕ್ಕೆ ಓಡಿಸಲಿಲ್ಲ.

"ನಿಮ್ಮೂರಿನ ಟೀಚರ್ ಅವರು ನಮ್ಮ ಜೊತೆ ಕೂತು ಬಾಯಿ ಸಿಹಿ ಮಾಡಿಕೊಂಡು ಬಂದಿದ್ದಾರೆ" ಎಂದರು ಕಿರಣ್ ಮೈಕಿನಲ್ಲಿ. ವಿಮಾನದಲ್ಲಿ ನಾನು ಹೇಳಿಕೊಟ್ಟ ಮಾತನ್ನು ಹಾಗೇ ಹೇಳಿದರು. ಅಷ್ಟು ಶ್ರದ್ಧೆಯ ವಿದ್ಯಾರ್ಥಿ ನನಗೆ ಶಾಲೆಯಲ್ಲಿ ಸಿಕ್ಕಿರಲಿಲ್ಲ.

ನಾನು ಎದ್ದು ಮೈಕು ಇಸಿದುಕೊಂಡೆ. ಧೂಳು, ದ್ರವ, ಗೋಪುರ, ಸಮುದ್ರ, ಎಲ್ಲವನ್ನೂ ಮೊದಲಿನಿಂದ ಹೇಳಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿದ್ದು ಇನ್ನೊಂದಿಲ್ಲ. ಜನ ಗದ್ದಲ ಮಾಡದೆ ಕೇಳಿದರು. ಆದರೆ ಅವರ ಕಣ್ಣು ನನ್ನ ಮೇಲಿರಲಿಲ್ಲ, ನನ್ನ ಹಿಂದಿನ ಪರದೆಯ ಮೇಲಿತ್ತು. ನಾನು ಕೂತಾಗ ನಮ್ಮನ್ನು ಕಳಿಸಿದ ಹಿರಿಯರಲ್ಲಿ ಒಬ್ಬರು ಎದ್ದರು.

"ಉಂಡು ಬಂದೀರಲ್ರಿ ಟೀಚರ್. ಉಂಡ ಮ್ಯಾಲೆ ಒಲ್ಲೆ ಅಂದ್ರ ನಾವು ಯಾವ ಬಾಯಿಲೆ ಮಾತಾಡಾದು?"

"ನಾ ಉಂಡಿಲ್ರಿ!" ಎಂದು ಮೈಲಪ್ಪ ನಿಂತಲ್ಲಿಂದ ಕೂಗಿದ.

"ಇಬ್ರನ್ನ ಕಳ್ಸಿದ್ವಿ ಮೈಲಪ್ಪ. ಇಬ್ರಾಗ ಒಬ್ರು ಉಂಡ್ರೂ ಊರು ಉಂಡಂಗ."

ಕೆಲವರು ಬೇಡ ಎಂದು ಕೈ ಎತ್ತಿದರು, ಬಹಳ ಜನ ಎತ್ತಲಿಲ್ಲ. ಸಿಟ್ಟಿನಿಂದ ಅಲ್ಲ. ಕೊಟ್ಟ ಮಾತು ಮುರಿಯುವಾಗ ಇರುವ ಮುಜುಗರದಿಂದ ತಲೆ ತಗ್ಗಿಸಿ ಕೂತಿದ್ದರು. ಹೆಚ್ಚಿನವರ ಆಕ್ಷೇಪಣೆ ಇಲ್ಲ ಎಂದು ಅಧಿಕಾರಿ ಬರೆದುಕೊಂಡರು. ಹೊಗೆ ಹಿಡಿಯುವ ಗೋಪುರ ಯಾವ ಹಂತದಲ್ಲಿ ಎಂದು ಯಾರೂ ಕೇಳಲಿಲ್ಲ. ಈಗ ಎರಡನೇ ಕುಲುಮೆಯ ಅಡಿಪಾಯ ಮೇಲೆದ್ದಿದೆ. ಗೋಪುರದ ಜಾಗದಲ್ಲಿ ಒಂದು ಬೋರ್ಡು ನಿಂತಿದೆ.

ಅವತ್ತು ಶಾಮಿಯಾನ ಬಿಚ್ಚುತ್ತಿದ್ದರು. ನಾನು ಕುರ್ಚಿಯಿಂದ ಎದ್ದಿರಲಿಲ್ಲ. ನಮ್ಮ ಓಣಿಯ ಗೌರಜ್ಜಿ ಕೋಲೂರಿಕೊಂಡು ಬಂದು ಎದುರಿಗೆ ನಿಂತಳು. ಎರಡು ವರ್ಷದಿಂದ ಅವಳಿಗೆ ಬಿಡದ ಕೆಮ್ಮು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಗಲ್ಲ ಮುಟ್ಟಿ ಕೇಳಿದಳು.

"ಯವ್ವಾ, ಪರದೇಶದಾಗ ಅಷ್ಟು ಹಸಿವಾಗಿತ್ತೇನು ನಿನಗ?"

ಮೈಲಪ್ಪ ಎರಡು ಹೆಜ್ಜೆ ಆಚೆ ನಿಂತಿದ್ದ. ಅವತ್ತು ಆ ಊಟಕ್ಕೆ ಮೊದಲು ನನಗೆ ಎರಡು ರೊಟ್ಟಿ ಕೊಟ್ಟವನು ಅವನೇ. ಗಾಜಿನ ಎದುರು ಕೂತಿದ್ದವನೂ ಅವನೇ.

"ಹೌದಜ್ಜಿ, ಬಾಳ ಹಸಿವಾಗಿತ್ತು" ಎಂದೆ.

ಮೈಲಪ್ಪ ಅಜ್ಜಿಯ ಕೈ ಹಿಡಿದು ಅವಳನ್ನು ಮನೆಯ ಕಡೆ ನಡೆಸಿಕೊಂಡು ಹೋದ.